ಒಂದು ಗಳಿಗೆಯ ಅಂತರ: ಶ್ರೀರಂಗಪಟ್ಟಣದ ಹೊತ್ತಿನ ಗೋಪುರಗಳು

ಬೆಂಗಳೂರಿನ ಕಡೆಯಿಂದ ಕಾವೇರಿಯ ಉತ್ತರದ ಕವಲನ್ನು ದಾಟಿ ಶ್ರೀರಂಗಪಟ್ಟಣದ ಕೋಟೆಯನ್ನು ಸಮೀಪಿಸುವವರಿಗೆ ದೂರದಿಂದಲೇ ಗೋಚರವಾಗುವುದು, ಪೂರ್ವದಿಕ್ಕಿನ ಬೆಂಗಳೂರು ಬಾಗಿಲ ಬಳಿ ಎತ್ತರದ ಜಗಲಿಯ ಮೇಲೆ ನಿಂತಿರುವ ಮಸ್ಜಿದ್-ಎ-ಆಲಾದ ಅವಳಿ ಮಿನಾರುಗಳು. ಅಲ್ಲಿಂದ ಪಶ್ಚಿಮಾಭಿಮುಖವಾಗಿ ನಡೆದರೆ, ಗಂಗರ ಸಾಮಂತನಾದ ತಿರುಮಲಯ್ಯನು 894ರಲ್ಲಿ ಕಟ್ಟಿಸಿದನೆನ್ನಲಾದ, ಅನಂತರದ ಅರಸರು ವಿಸ್ತರಿಸುತ್ತ ಬಂದ ರಂಗನಾಥಸ್ವಾಮಿಯ ದೇವಾಲಯದ ರಾಜಗೋಪುರ. ಇವೆರಡೂ ಭಗವದಾರಾಧನೆಗಾಗಿ ಎದ್ದ ಕಟ್ಟಡಗಳೆಂಬುದು ಸರ್ವವಿದಿತ. ಕೈಗಡಿಯಾರವಿಲ್ಲದ ಕಾಲದಲ್ಲಿ ಊರಿಗೆ ಹೊತ್ತನ್ನು ಹಂಚಿದ ಕಟ್ಟಡಗಳೂ ಇಂಥವೇ ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ನಮ್ಮ ಪೂರ್ವಿಕರ ಕಾಲಗಣನೆಯ ಸಾಧನ ಗಳಿಗೆ ಬಟ್ಟಲು. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತೆಳುವಾದ ತಾಮ್ರದ ಬಟ್ಟಲನ್ನು ನೀರು ತುಂಬಿದ ಕೊಪ್ಪರಿಗೆಯಲ್ಲಿ ತೇಲಿಬಿಟ್ಟರೆ, ರಂಧ್ರದಿಂದ ನೀರು ಮೆಲ್ಲನೆ ಒಳಸೇರಿ ಬಟ್ಟಲು ಮುಳುಗುವ ವೇಳೆಗೆ ಒಂದು ಗಳಿಗೆ, ಎಂದರೆ 24 ನಿಮಿಷ, ಕಳೆದಂತಾಗುವುದು. ಅಂಥ 60 ಗಳಿಗೆಗಳು ಕೂಡಿದರೆ ಒಂದು ಅಹೋರಾತ್ರಿ. ಏಳೂವರೆ ಗಳಿಗೆಗೆ ಒಂದು ಜಾವ. ಸುತ್ತಲಿನ ನಾಗಮಂಗಲದ, ಕೃಷ್ಣರಾಜಪೇಟೆಯ ಹಳ್ಳಿಗಳ ರೈತನಿಗೆ ಅಷ್ಟು ಸೂಕ್ಷ್ಮವೂ ಬೇಕಿರಲಿಲ್ಲ. ಕೋಳಿ ಕೂಗುವ ಹೊತ್ತು, ಹೊತ್ತು ನೆತ್ತಿಗೇರುವುದು, ದೀಪ ಹಚ್ಚುವ ಹೊತ್ತು ಎಂಬ ಲೆಕ್ಕದಲ್ಲಿ ಅವನ ಆರಂಬ ಸಾಂಗವಾಗಿ ನಡೆಯುತ್ತಿತ್ತು.

ಮಸೀದಿಯ ಮಿನಾರುಗಳು ಹೊತ್ತನ್ನು ಸಾರುವುದಕ್ಕೆಂದೇ ಯೋಜಿಸಿದ ಶಿಲ್ಪ. 1780ರ ದಶಕದಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಮಸೀದಿಗೆ ಬಿಜಾಪುರದ ಗೋಳಗುಮ್ಮಟದಂತಹ ಮಹಾಗುಮ್ಮಟವಿಲ್ಲ. ಪ್ರಾರ್ಥನಾಮಂದಿರ ಸರಳವಾಗಿದ್ದು, ವೈಭವವೆಲ್ಲವೂ ಮಿನಾರುಗಳಲ್ಲಿ ಸಂಚಿತವಾಗಿದೆ. ಅಷ್ಟಕೋನಾಕೃತಿಯ ಕಾಯ, ನಡುವೆ ಕಟ್ಟಡವನ್ನು ಸುತ್ತುವರಿದ ಮೊಗಸಾಲೆ, ಶಿರಸ್ಸಿನಲ್ಲಿ ಮೊಗ್ಗಿನಾಕಾರದ ಗುಮ್ಮಟ, ಒಳಗೆ ಸುತ್ತಿಕೊಂಡು ಏರುವ ಇಕ್ಕಟ್ಟಾದ ಮೆಟ್ಟಿಲು. ಸಮೀಪದಲ್ಲಿ ನಿಂತು ನೋಡಿದರೆ, ಗೋಡೆಯ ಉದ್ದಕ್ಕೂ ಸಾಲುಸಾಲಾಗಿ ಪಾರಿವಾಳದ ಗೂಡುಗಳಂತೆ ಕೊರೆದ ಪುಟ್ಟ ಕಮಾನುಗಳು ಕಾಣುತ್ತವೆ. ಬಿಸಿಲು ಓರೆಯಾದಂತೆಲ್ಲ ಒಂದೊಂದು ಗೂಡಿನಲ್ಲಿಯೂ ನೆರಳು ಜಾರುತ್ತ ಹೋಗುವುದರಿಂದ, ಬೆಳಿಗ್ಗೆ ಕಂಡ ಮಿನಾರು ಸಂಜೆಗೆ ಬೇರೆಯದೇ ಆಗಿ ತೋರುವುದು.

ಆ ಮೊಗಸಾಲೆಯಿಂದ ದಿನಕ್ಕೆ ಐದು ಬಾರಿ ಎದ್ದ ಕರೆಗೆ ಆಧಾರ ಸೂರ್ಯನೊಬ್ಬನೇ. ಅರುಣೋದಯ, ಮಧ್ಯಾಹ್ನ ಸೂರ್ಯನು ಇಳಿಮುಖವಾದ ಕ್ಷಣ, ನೆರಳು ನಿಯತವಾದ ಉದ್ದಕ್ಕೆ ಬೆಳೆದ ಅಪರಾಹ್ನ, ಸೂರ್ಯಾಸ್ತ, ಸಂಜೆಗೆಂಪು ಪೂರ್ತಿ ಆರಿದ ರಾತ್ರಿ, ಇವೇ ಅದರ ಪಂಚಸ್ಥಾನಗಳು. ಗಳಿಗೆ ಬಟ್ಟಲಿನ ದಿನವೂ ಸೂರ್ಯೋದಯದಿಂದಲೇ ಆರಂಭವಾಗುತ್ತಿದ್ದುದರಿಂದ, ಆ ಲೆಕ್ಕ ಹಿಡಿದ ಗುಡಿಯ ಘಂಟೆಗೂ ಮಸೀದಿಯ ಕರೆಗೂ ಮೂಲಸಾಕ್ಷಿ ಪಟ್ಟಣದ ನೆತ್ತಿಯ ಮೇಲೆ ಸಾಗುವ ಸೂರ್ಯನೇ ಆಗಿದ್ದನು. ಈ ಐಕಮತ್ಯ ನನಗೆ ಬಹು ಪ್ರಿಯವಾದ ಸಂಗತಿ.

ಮಿನಾರನ್ನು ಕಟ್ಟಿಸಿದ ದೊರೆಗೆ ಕಾಲಗಣನೆಯಲ್ಲಿ ಇದ್ದ ಆಸಕ್ತಿಯೂ ಅಸಾಧಾರಣವಾದುದು. ಹಿಜರಿ ಶಕವನ್ನು ಬದಿಗಿಟ್ಟು, ಪ್ರವಾದಿಯ ಜನನವನ್ನು ಆದಿಯಾಗಿ ಹಿಡಿದ ಮೌಲೂದಿ ಶಕವನ್ನು ಆತನು ಪ್ರಚಾರಕ್ಕೆ ತಂದನು. ಆ ವರ್ಷ ನಮ್ಮ ಪಂಚಾಂಗದಂತೆ ಚಾಂದ್ರಮಾನವನ್ನು ಸೌರಮಾನಕ್ಕೆ ಹೊಂದಿಸಿದ್ದು, ಪ್ರಭವಾದಿ ಅರವತ್ತು ಸಂವತ್ಸರಗಳ ಚಕ್ರವನ್ನೇ ಅನುಸರಿಸಿ ಪ್ರತಿ ವರ್ಷಕ್ಕೂ ಒಂದು ಹೆಸರನ್ನು ಪಡೆದಿತ್ತು. ಪಟ್ಟಣದ ಟಂಕಸಾಲೆಯ ನಾಣ್ಯಗಳ ಮೇಲೆ 1215ರಿಂದ ಮೊದಲುಗೊಂಡು ಕಾಣುವ ಈ ಶಕದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆಳಿದ ಹದಿನೇಳು ವರ್ಷಗಳ ಬಹುಭಾಗವನ್ನು ಯುದ್ಧದಲ್ಲಿಯೂ ಸಂಧಾನದಲ್ಲಿಯೂ ಕಳೆದವನಿಗೆ ಪಂಚಾಂಗವನ್ನು ತಿದ್ದುವ ವ್ಯವಧಾನ ಹೇಗೆ ಒದಗಿತೋ!

ಆತನ ಅಂತ್ಯಕ್ಕೂ ಹೊತ್ತಿನ ಲೆಕ್ಕವೇ ನಿಮಿತ್ತವಾಯಿತು. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಕೋಟೆಗೆ ಲಗ್ಗೆ ಹಾಕಿದ್ದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ಉರಿಬಿಸಿಲಿನಲ್ಲಿ ಕಾವಲಿನವರು ವಿಶ್ರಮಿಸುವ ವೇಳೆಯೆಂದು ತಿಳಿದೇ ಆ ಮುಹೂರ್ತವನ್ನು ಅವರು ಆರಿಸಿದ್ದರು.

ಮುಂದೆ 1882ರಲ್ಲಿ ರೈಲುಹಾದಿ ಬೆಂಗಳೂರಿನಿಂದ ಮೈಸೂರನ್ನು ಮುಟ್ಟಿದಾಗ, ಅದು ಕೋಟೆಯ ಆವರಣವನ್ನು ಸೀಳಿಕೊಂಡೇ ಹಾದುಹೋಯಿತು. ರೈಲಿಗೆ ಊರೂರಿನ ಸೂರ್ಯ ಒಗ್ಗದು, ಮದರಾಸಿನ ವೀಕ್ಷಣಾಲಯದ ಹೊತ್ತು ರೈಲ್ವೆಯ ಹೊತ್ತಾಯಿತು. 1906ರಿಂದ 82½ ಡಿಗ್ರಿ ಪೂರ್ವರೇಖಾಂಶದ ಹೊತ್ತು ಭಾರತದ ಪ್ರಮಾಣಕಾಲವಾಯಿತು. ಆ ರೇಖೆ ಹಾಯುವುದು ಉತ್ತರದ ಮಿರ್ಜಾಪುರದ ಸಮೀಪದಲ್ಲಿ. ನಮ್ಮ ಸೀಮೆಯಾದರೋ ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷದಂತೆ ಎಣಿಸಿದರೆ, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳ ಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕಿಂತ ಸರಾಸರಿ 23 ನಿಮಿಷ ತಡ. ತುಸು ಪಡುವಲಿಗಿರುವ ಕೃಷ್ಣರಾಜಪೇಟೆಯದು 24 ನಿಮಿಷ. ಗಳಿಗೆ ಬಟ್ಟಲೊಂದು ಮುಳುಗುವಷ್ಟು ಕಾಲವನ್ನು, ದೇಶದ ಸೌಕರ್ಯಕ್ಕಾಗಿ, ನಾವು ಬಿಟ್ಟುಕೊಟ್ಟಿದ್ದೇವೆ.

ಗಡಿಯಾರ ಗೋಪುರಗಳು ಸಾರುವುದು ಈ ಪ್ರಮಾಣಕಾಲವನ್ನು. ಇಲ್ಲಿಗೆ ಸಮೀಪದ ಪ್ರಸಿದ್ಧ ಗೋಪುರಗಳು ಹದಿನೈದು ಕಿಲೋಮೀಟರ್ ದೂರದ ಮೈಸೂರಿನಲ್ಲಿವೆ: ದೇವರಾಜ ಮಾರುಕಟ್ಟೆಯ ಎದುರಿನ ಚಿಕ್ಕ ಗಡಿಯಾರ ವೈಸರಾಯ್ ಡಫರಿನ್ನನ ಹೆಸರಿನಲ್ಲಿ ಎದ್ದದ್ದು, ದೊಡ್ಡ ಗಡಿಯಾರ 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸ್ಮಾರಕವಾಗಿ ನಿರ್ಮಿತವಾದ, 75 ಅಡಿ ಎತ್ತರದ ಕಟ್ಟಡ. ಅದರ ಕಮಾನುಗಳನ್ನೂ ಶಿರಸ್ಸಿನ ಗುಮ್ಮಟವನ್ನೂ ನೋಡಿದವರಿಗೆ, ಪಟ್ಟಣದ ಮಿನಾರಿನ ವಂಶಕ್ಕೆ ಸೇರಿದ ಶಿಲ್ಪವೆಂಬುದು ಹೊಳೆಯದಿರದು. ಯಂತ್ರ ಪಾಶ್ಚಾತ್ಯವಾದರೂ ಮುಖದ ಮೇಲಿನ ಅಂಕಿಗಳು ಕನ್ನಡದವು. ಕನ್ನಡ ಅಂಕಿಗಳಿಂದ ಹೊತ್ತನ್ನು ಓದುವ ಭಾಗ್ಯವನ್ನು ಕೊಟ್ಟವರಿಗೆ ನಾವು ಋಣಿಗಳು. ಅದರ ಘಂಟಾನಾದದ ಕಂಪನದಿಂದ ಕಟ್ಟಡಕ್ಕೆ ಅಪಾಯವೆಂದು ನಾದವನ್ನು ನಿಲ್ಲಿಸಿದರೆಂಬುದು ಮೈಸೂರಿಗರು ಹೇಳುವ ಮಾತು.

ಪ್ರಮಾಣಕಾಲವನ್ನು ನಿರಾಕರಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ರೈಲು ಓಡಬೇಕು, ಶಾಲೆ ತೆರೆಯಬೇಕು. ಊರಿನ ನಿಜವಾದ ಮಧ್ಯಾಹ್ನ ಯಾವುದೆಂದು ಊರಿನ ಮಕ್ಕಳಿಗೆ ತಿಳಿದಿರಬೇಕೆಂಬುದಷ್ಟೇ ನನ್ನ ಹಂಬಲ. ಶ್ರೀರಂಗಪಟ್ಟಣದಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 23ರ ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ, ಸೂರ್ಯನು ನೆಟ್ಟನೆ ನೆತ್ತಿಯ ಮೇಲೆ ಬರುವನು. ಆಗ ನೆಟ್ಟ ಶಂಕುವಿನ ನೆರಳು ಅದರ ಬುಡದಲ್ಲಿಯೇ ಅಡಗುವುದು. ಏಪ್ರಿಲಿನಲ್ಲಿ ಶಾಲೆಗಳಿಗೆ ರಜೆಯಿರುವುದರಿಂದ ಆಗಸ್ಟ್ ತಿಂಗಳೇ ಅನುಕೂಲ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ ತಾಲ್ಲೂಕುಗಳ ಉಪಾಧ್ಯಾಯರು ಆ ದಿನ ಶಾಲೆಯ ಬಯಲಿನಲ್ಲಿ ಒಂದು ನೇರವಾದ ಕೋಲನ್ನು ನೆಟ್ಟು, ಹನ್ನೆರಡು ಗಂಟೆಗೆ ಮಕ್ಕಳನ್ನು ಅದರ ಸುತ್ತ ಕೂರಿಸಿ, ಐದು ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಸುಣ್ಣದಿಂದ ಗುರುತಿಸಲಿ. ನೆರಳು ಅಡಗಿದ ಕ್ಷಣದಲ್ಲಿ ಗಡಿಯಾರ ಎಷ್ಟು ತೋರಿಸಿತೆಂಬುದನ್ನು ಮಕ್ಕಳೇ ತಮ್ಮ ಕೈಯಾರೆ ಬರೆದುಕೊಳ್ಳಲಿ.