ಪ್ರಹಸನವೂ ಪ್ರಭುತ್ವವೂ

ಈಚೆಗೆ ನಮ್ಮೂರಿನ ಒಂದು ಸಂಘದ ವಾರ್ಷಿಕೋತ್ಸವಕ್ಕೆ ನಾವು ಹೋಗಿದ್ದೆವು. ಭಾಷಣಗಳು ಮುಗಿಯುವ ವೇಳೆಗೆ ಸಭಿಕರಲ್ಲಿ ಅರ್ಧ ಮಂದಿ ತೂಕಡಿಸುತ್ತಿದ್ದರು. ಆ ಬಳಿಕ ನಾಲ್ವರು ಹುಡುಗರು ಒಂದು ಮೇಜು, ಎರಡು ಕುರ್ಚಿ, ಒಂದು ಕಡತದ ಕಟ್ಟು ಇಷ್ಟನ್ನೇ ಇಟ್ಟುಕೊಂಡು ಕಾಲು ಗಂಟೆಯ ಪ್ರಹಸನವೊಂದನ್ನು ಆಡಿದರು. ಖಾತೆಯ ಬದಲಾವಣೆಗೆಂದು ಬಂದ ರೈತನನ್ನು ಗುಮಾಸ್ತರು ಮೇಜಿನಿಂದ ಮೇಜಿಗೆ ಅಟ್ಟುವುದೇ ಅದರ ಕಥೆ. ಸಭೆಯು ಎಚ್ಚೆತ್ತು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಅಧಿಕಾರಿಗಳೊಬ್ಬರು ಮಾತ್ರ ನಗಲಿಲ್ಲ. ಇಂಥ ಆಟಕ್ಕೆ ಇನ್ನು ಮುಂದೆ ಎಡೆಗೊಡಕೂಡದೆಂದು ಕಾರ್ಯದರ್ಶಿಗಳಿಗೆ ಹೇಳಿ ಹೊರಟರೆಂದು ಕೇಳಿದೆವು. ಈ ಸಣ್ಣ ಸಂಗತಿಯೇ ಇಂದಿನ ಲೇಖನಕ್ಕೆ ನಿಮಿತ್ತ.

ಪ್ರಹಸನವು ಜನರನ್ನು ಇಷ್ಟು ಸೆಳೆಯುವುದೇಕೆ? ಅದು ಚಿಕ್ಕದು, ಅದಕ್ಕೆ ಪರದೆ, ಕಿರೀಟಗಳು ಬೇಡ, ಅದರ ಮಾತು ಬೀದಿಯ ಮಾತು. ಆದರೆ ಮುಖ್ಯವಾದ ಕಾರಣವು ಬೇರೆಯೇ ಇದೆ. ನಾವು ನಿತ್ಯವೂ ನುಂಗಿಕೊಂಡು ಸುಮ್ಮನಿರುವುದನ್ನು ಅದು ಹತ್ತು ಜನರ ಎದುರಿಗೆ ಆಡಿ ತೋರಿಸುತ್ತದೆ. ಕಚೇರಿಯ ಮೆಟ್ಟಿಲ ಮೇಲೆ ಒಬ್ಬಂಟಿಯಾಗಿ ಅವಮಾನಪಟ್ಟವನಿಗೆ ತನ್ನಂಥವರು ಸಾವಿರ ಮಂದಿಯಿರುವರೆಂದು ತಿಳಿಯುವುದು ಆ ನಗೆಯಲ್ಲಿ. ಮನೆಯಲ್ಲಿ ಮೇಷ್ಟರ ದನಿಯನ್ನು ಹುಡುಗನು ಅಣಕಿಸುವುದೂ, ಸುಗ್ಗಿಯ ಕಾಲದಲ್ಲಿ ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗರು ಹಗರಣದ ವೇಷ ಕಟ್ಟಿ ಲೋಕದ ಡೊಂಕನ್ನು ಆಡಿಕೊಳ್ಳುವುದೂ ಇದೇ ಬಳ್ಳಿಯ ಹೂಗಳು. ಯಕ್ಷಗಾನದ ಹಾಸ್ಯಗಾರನು ದೂತನಾಗಿ ಬಂದು, ರಾಜನ ಗಂಭೀರವಾದ ಮಾತಿಗೆ ಆಡುಮಾತಿನಲ್ಲಿ ಎದುರು ಹೇಳುವಾಗ ಜನರು ಕಿವಿ ನಿಮಿರಿಸುವುದನ್ನು ವಾಚಕರು ಕಂಡೇ ಇರುವರು.

ಪ್ರಹಸನವು ಹಗುರವಾದ ವಸ್ತುವೆಂದು ನಮ್ಮ ಪೂರ್ವಿಕರು ಎಣಿಸಲಿಲ್ಲ. ಭರತನು ಅದನ್ನು ದಶರೂಪಕಗಳಲ್ಲಿ ಒಂದೆಂದು ಗಣಿಸಿದನು. ಏಳನೆಯ ಶತಮಾನದ ಆದಿಯಲ್ಲಿ, ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಗೆ ಎದುರಾಳಿಯಾಗಿದ್ದ ಕಂಚಿಯ ಪಲ್ಲವರಾಜ ಮಹೇಂದ್ರವರ್ಮನೇ 'ಮತ್ತವಿಲಾಸ'ವೆಂಬ ಪ್ರಹಸನವನ್ನು ಬರೆದನು. ಕುಡಿದ ಕಾಪಾಲಿಕನೊಬ್ಬನು ತನ್ನ ಭಿಕ್ಷೆಯ ಕಪಾಲವನ್ನು ಕಳೆದುಕೊಂಡು ಬೌದ್ಧಭಿಕ್ಷುವಿನ ಮೇಲೆ ಕಳ್ಳತನವನ್ನು ಹೊರಿಸುತ್ತಾನೆ. ಅದನ್ನು ಕಚ್ಚಿಕೊಂಡು ಹೋದದ್ದು ಒಂದು ನಾಯಿ! ಸಿಂಹಾಸನದ ಮೇಲೆ ಕುಳಿತವನಿಗೂ ನಗೆಯ ಬೆಲೆ ಗೊತ್ತಿದ್ದಿತು.

ಅದರ ಅಪಾಯವೂ ಹಿರಿಯರಿಗೆ ಗೊತ್ತಿದ್ದಿತು. ಭರತನ ಪುತ್ರರು ಋಷಿಗಳನ್ನು ಹಾಸ್ಯಮಾಡುವ ಆಟವನ್ನು ಆಡಿ ಶಾಪಕ್ಕೆ ಗುರಿಯಾದರೆಂದು ನಾಟ್ಯಶಾಸ್ತ್ರವೇ ಹೇಳುತ್ತದೆ. ಬ್ರಿಟಿಷರ ಆಳಿಕೆಯಲ್ಲಿ ಈ ಶಾಪವು ಕಾನೂನಿನ ರೂಪವನ್ನು ತಾಳಿತು. ವೇಲ್ಸ್ ರಾಜಕುಮಾರನು ಕಲ್ಕತ್ತೆಗೆ ಬಂದಾಗ ವಕೀಲರೊಬ್ಬರು ಅವನನ್ನು ತಮ್ಮ ಮನೆಯ ಅಂತಃಪುರಕ್ಕೆ ಕರೆದೊಯ್ದು ಸತ್ಕರಿಸಿದರು. ಅದನ್ನು ಹಾಸ್ಯಮಾಡಿ ಗ್ರೇಟ್ ನ್ಯಾಷನಲ್ ಥಿಯೇಟರಿನವರು 1876ರಲ್ಲಿ 'ಗಜದಾನಂದ ಓ ಯುವರಾಜ' ಎಂಬ ಆಟವನ್ನು ಆಡಿದರು. ಗವರ್ನರ್ ಜನರಲ್ ನಾರ್ತ್‌ಬ್ರೂಕನು ಕೂಡಲೇ ತುರ್ತು ಆಜ್ಞೆಯನ್ನು ಹೊರಡಿಸಿದನು. ಅದೇ ವರ್ಷ ನಾಟಕ ಪ್ರದರ್ಶನಗಳ ಅಧಿನಿಯಮವು ಹುಟ್ಟಿತು. ಅಷ್ಟು ದೊಡ್ಡ ಚಕ್ರಾಧಿಪತ್ಯವು ಅಷ್ಟು ಚಿಕ್ಕ ಆಟಕ್ಕೆ ಬೆದರಿತು! ಸ್ವರಾಜ್ಯವು ಬಂದ ಮೇಲೂ ಆ ಅಧಿನಿಯಮವು ಪುಸ್ತಕದಲ್ಲಿ ಉಳಿದು, 2018ರಲ್ಲಿ ರದ್ದಾಯಿತು. ಕಾನೂನು ಹೋಯಿತು, ಮುಂದಿನ ಸಾಲಿನ ಮುನಿಸು ಹೋಗಿಲ್ಲವೆಂಬುದೇ ನಮ್ಮ ಖೇದ.

ಕನ್ನಡನಾಡು ಈ ವಿಷಯದಲ್ಲಿ ಬಡವಾಗಿಲ್ಲ. ಟಿ. ಪಿ. ಕೈಲಾಸಂ (1884–1946) ನಮ್ಮ ಇಂಗ್ಲಿಷ್ ಬೆರೆತ ಮನೆಮಾತನ್ನು ರಂಗದ ಮೇಲೆ ತಂದು, ಪರೀಕ್ಷೆಯಲ್ಲಿ ಗೆದ್ದ ಟೊಳ್ಳನ್ನೂ ಸೋತ ಗಟ್ಟಿಯನ್ನೂ ಎದುರೆದುರು ನಿಲ್ಲಿಸಿದರು. ನಕ್ಕವರು ತಮ್ಮನ್ನೇ ನೋಡಿ ನಕ್ಕರು. ಮಾಸ್ಟರ್ ಹಿರಣ್ಣಯ್ಯನವರು (1934–2019) 'ಲಂಚಾವತಾರ'ವನ್ನು ಸಾವಿರಾರು ಸಲ ಆಡಿದರು. ಮಂತ್ರಿಯನ್ನೂ ಗುಮಾಸ್ತನನ್ನೂ ಅವರು ಬಿಡಲಿಲ್ಲ. ಅದರಿಂದ ಲಂಚವು ನಿಂತಿತೆಂದು ನಾವು ಹೇಳಲಾರೆವು. ಆದರೆ ಲಂಚಕೋರನಿಗೆ ಮರ್ಯಾದೆಯ ಮುಸುಕು ಉಳಿಯಲಿಲ್ಲ, ಅದೂ ಲಾಭವೇ.

ಇನ್ನು ಆಡುವವರಿಗೂ ಒಂದು ಮಾತು. ಈಗ ಅಂಗೈಯ ಯಂತ್ರದಲ್ಲಿ ಗಳಿಗೆಗೊಂದು ಪ್ರಹಸನವು ಕಾಣಿಸುತ್ತದೆ. ಅವುಗಳಲ್ಲಿ ಎಷ್ಟೋ ಆಟಗಳು ತೊದಲುವವನನ್ನು, ಕಪ್ಪು ಬಣ್ಣದವಳನ್ನು, ದಪ್ಪ ದೇಹದವರನ್ನು ಬಂಡವಾಳ ಮಾಡಿಕೊಂಡಿವೆ. ಭರತನು ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿಸಿ ಉತ್ತಮ, ಮಧ್ಯಮ, ಅಧಮರಿಗೆ ಹಂಚಿದನು. ನಮ್ಮ ಅಳತೆ ಇನ್ನೂ ಸುಲಭವಾದುದು: ನಗೆಗೆ ಗುರಿಯಾದವನು ಎದ್ದು ಉತ್ತರ ಕೊಡಬಲ್ಲನೆ? ಕೊಡಬಲ್ಲವನಾದರೆ ಅದು ಹಾಸ್ಯ. ಕೊಡಲಾರದವನಾದರೆ ಅದು ಹಿಂಸೆ.

ಅಧಿಕಾರಿ ಮಹಾಶಯರು ಈ ಅಳತೆಯಿಂದಲೇ ತಮ್ಮ ಮುನಿಸನ್ನೂ ಅಳೆದು ನೋಡಲಿ. ಅವರಿಗೆ ಉತ್ತರ ಕೊಡುವ ಶಕ್ತಿಯೂ ಇದೆ, ಅದಕ್ಕಿಂತ ಹೆಚ್ಚಿನ ಮಾರ್ಗವೂ ಇದೆ. ಆ ರೈತನ ಖಾತೆಯನ್ನು ಹೊತ್ತಿಗೆ ಸರಿಯಾಗಿ ಮಾಡಿಕೊಟ್ಟರೆ ಪ್ರಹಸನಕ್ಕೆ ವಸ್ತುವೇ ಉಳಿಯದು. ಹುಡುಗರ ಬಾಯಿ ಕಟ್ಟಿದರೆ ನಗೆಯು ನಿಂತೀತು. ನಗೆಯ ಕಾರಣವು ನಿಲ್ಲದು. ಮುಂದಿನ ವರ್ಷವೂ ಆ ಹುಡುಗರು ರಂಗವನ್ನು ಹತ್ತಲಿ, ಆ ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರೊಡನೆ ನಗಲಿ ಎಂಬುದೇ ನಮ್ಮ ಹಾರೈಕೆ.