ಪಾರ್ಕಿನ್‌ಸನ್ ರೋಗ: ಮುಪ್ಪಿನ ಮರೆಯಲ್ಲಿ ಅಡಗುವ ವ್ಯಾಧಿ

ಮನೆಯ ಹಿರಿಯರ ನಡಿಗೆ ನಿಧಾನವಾದರೆ, ಕೈ ತುಸು ನಡುಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಆದರೆ ಎಲ್ಲ ನಿಧಾನವೂ ಮುಪ್ಪಿನದಲ್ಲ. ಅದರ ಹಿಂದೆ ಪಾರ್ಕಿನ್‌ಸನ್ ಎಂಬ ನರರೋಗವಿರಬಹುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಇದನ್ನು ವಿವರಿಸಿ ಬರೆದುದರಿಂದ ಈ ಹೆಸರು ಬಂದಿತು. ಆಯುರ್ವೇದದ ‘ಕಂಪವಾತ’ವು ಇದನ್ನು ಬಹುಮಟ್ಟಿಗೆ ಹೋಲುತ್ತದೆ.

ನಡುಮೆದುಳಿನ ಕೆಲವು ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುತ್ತವೆ. ನಮ್ಮ ಚಲನೆ ಸರಾಗವಾಗಿರುವುದು ಇದರಿಂದ. ಈ ಜೀವಕೋಶಗಳು ಕ್ರಮೇಣ ನಶಿಸಿದಾಗ ರೋಗ ತಲೆದೋರುತ್ತದೆ. ಸಾಮಾನ್ಯವಾಗಿ 60 ವರ್ಷ ದಾಟಿದವರಲ್ಲಿ ಕಂಡುಬಂದರೂ ಕಿರಿಯರಿಗೂ ಬರುವುದುಂಟು.

ಲಕ್ಷಣಗಳು: ಮುಖ್ಯ ಲಕ್ಷಣವೆಂದರೆ ಚಲನೆಯ ಮಂದಗತಿ. ಅಂಗಿಯ ಗುಂಡಿ ಹಾಕಲು ತಡವಾಗುತ್ತದೆ, ಅಕ್ಷರಗಳು ಬರೆಯುತ್ತ ಬರೆಯುತ್ತ ಕಿರಿದಾಗುತ್ತವೆ, ನಡೆಯುವಾಗ ಒಂದು ಕೈ ಬೀಸುವುದಿಲ್ಲ, ಧ್ವನಿ ಕುಗ್ಗುತ್ತದೆ, ಮುಖದಲ್ಲಿ ಭಾವ ಕಡಿಮೆಯಾಗುತ್ತದೆ. ಜೊತೆಗೆ ಸ್ನಾಯುಗಳ ಬಿಗಿತ ಅಥವಾ ನಡುಕವಿರುತ್ತದೆ. ಕೈ ವಿಶ್ರಾಂತಿಯಲ್ಲಿರುವಾಗ ಬೆರಳುಗಳು ರುದ್ರಾಕ್ಷಿಯ ಮಣಿ ಎಣಿಸುವಂತೆ ಅಲುಗುತ್ತವೆ. ತೊಂದರೆ ಮೊದಲು ಒಂದೇ ಪಾರ್ಶ್ವದಲ್ಲಿ ಕಾಣಿಸುವುದು ಸಾಮಾನ್ಯ. ಲೋಟ ಎತ್ತಿದಾಗ ಮಾತ್ರ ನಡುಗುವ ಕೈಗೆ ಕಾರಣ ಬೇರೆಯಿರಬಹುದು. ನಡುಕವೇ ಇಲ್ಲದ ಪಾರ್ಕಿನ್‌ಸನ್ ರೋಗಿಗಳೂ ಇದ್ದಾರೆ. ಮಲಬದ್ಧತೆ, ಹೂವು-ಊದುಬತ್ತಿಗಳ ವಾಸನೆ ತಿಳಿಯದಿರುವುದು, ನಿದ್ರೆಯಲ್ಲಿ ಕೂಗಿ ಕೈಕಾಲು ಬಡಿಯುವುದು ಇವು ಹಲವು ವರ್ಷ ಮೊದಲೇ ತೋರಬಹುದು.

ಕಾರಣಗಳು: ಬಹುತೇಕರಲ್ಲಿ ಒಂದೇ ನಿಶ್ಚಿತ ಕಾರಣ ದೊರೆಯುವುದಿಲ್ಲ. ವಯಸ್ಸು, ಅನುವಂಶೀಯತೆ, ಪರಿಸರ ಇವೆಲ್ಲ ಸೇರಿರುತ್ತವೆ. ಪ್ಯಾರಾಕ್ವಾಟ್‌ನಂತಹ ಕಳೆನಾಶಕ ಹಾಗೂ ಕೆಲವು ಕೀಟನಾಶಕಗಳ ದೀರ್ಘಕಾಲದ ಸಂಪರ್ಕಕ್ಕೂ ಈ ರೋಗಕ್ಕೂ ನಂಟಿರುವುದನ್ನು ಅಧ್ಯಯನಗಳು ಸೂಚಿಸಿವೆ. ಆದ್ದರಿಂದ ಗೋವಿನಜೋಳ, ಹತ್ತಿ ಬೆಳೆಯುವ ಹಂಸಭಾವಿ ಸೀಮೆಯ ರೈತರು ಔಷಧ ಸಿಂಪಡಿಸುವಾಗ ಕೈಗವಸು, ಮುಖಗವಸು ಧರಿಸಬೇಕು. ಗಾಳಿಗೆ ಎದುರಾಗಿ ಸಿಂಪಡಿಸದೆ, ಕೆಲಸ ಮುಗಿದೊಡನೆ ಸಾಬೂನಿನಿಂದ ಸ್ನಾನ ಮಾಡಬೇಕು. ವಾಂತಿ, ತಲೆಸುತ್ತು ಹಾಗೂ ಮನೋರೋಗಗಳಿಗೆ ಕೊಡುವ ಕೆಲವು ಗುಳಿಗೆಗಳಿಂದಲೂ ಇಂಥವೇ ಲಕ್ಷಣಗಳು ಬರಬಹುದು. ಅಂಥವು ಗುಳಿಗೆ ಬದಲಿಸಿದಾಗ ಹೆಚ್ಚಾಗಿ ಶಮನವಾಗುತ್ತವೆ. ಆದಕಾರಣ ಸೇವಿಸುತ್ತಿರುವ ಎಲ್ಲ ಔಷಧಗಳನ್ನು ವೈದ್ಯರಿಗೆ ತೋರಿಸಬೇಕು.

ಮಾಡಬೇಕಾದುದು: ರಕ್ತಪರೀಕ್ಷೆಯೊಂದರಿಂದಲೇ ಈ ರೋಗ ನಿರ್ಧಾರವಾಗದು, ನರರೋಗ ತಜ್ಞರು ನಡಿಗೆ, ಚಲನೆಗಳನ್ನು ಪರೀಕ್ಷಿಸಿ ಗುರುತಿಸುತ್ತಾರೆ. ಸಮೀಪದ ವೈದ್ಯರ ಸಲಹೆ ಪಡೆದು ಹುಬ್ಬಳ್ಳಿ ಅಥವಾ ದಾವಣಗೆರೆಯ ತಜ್ಞರನ್ನು ಕಾಣಬಹುದು. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲವಾದರೂ ಲೆವೊಡೋಪಾ ಮೊದಲಾದ ಔಷಧಗಳಿಂದ ಹಾಗೂ ನಿತ್ಯದ ವ್ಯಾಯಾಮದಿಂದ ಅನೇಕರು ವರ್ಷಾನುಗಟ್ಟಲೆ ಸ್ವಾವಲಂಬಿಗಳಾಗಿ ಬಾಳುತ್ತಾರೆ. ಗುಳಿಗೆಯನ್ನು ಹೇಳಿದ ವೇಳೆಗೆ ಸರಿಯಾಗಿ ಕೊಡಬೇಕು. ಹಠಾತ್ತನೆ ನಿಲ್ಲಿಸುವುದು ಅಪಾಯಕರ. ನಸುಗುನ್ನಿ ಬೀಜದಲ್ಲಿಯೂ ಲೆವೊಡೋಪಾ ಇರುವುದು ನಿಜ. ಆದರೆ ಪ್ರಮಾಣವರಿಯದೆ ಗುಳಿಗೆಯೊಡನೆ ಅದನ್ನೂ ಸೇವಿಸುವುದು ಸಲ್ಲದು.

ಈ ರೋಗಿಗಳ ಮುಖ ಭಾವಶೂನ್ಯವಾಗಿ ಕಂಡರೂ ಅಂತರಂಗ ಶೂನ್ಯವಲ್ಲ. ತಡವಾಗಿ ಬರುವ ಅವರ ಮಾತಿಗೆ ಕಾಯುವುದು, ಊಟಕ್ಕೆ ಅವಸರಪಡಿಸದಿರುವುದು ಮನೆಮಂದಿ ಮಾಡಬಹುದಾದ ನಿಜವಾದ ಸೇವೆ.