ಹಬ್ಬದ ಸಿಹಿ ಉಳಿಯಲಿ, ದಿನದ ಸಕ್ಕರೆ ಇಳಿಯಲಿ

ದೀಪಾವಳಿ ಮುಗಿದು ಗೌರಿ ಹುಣ್ಣಿಮೆ ಹತ್ತಿರವಾದರೆ ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಅಟ್ಟದ ಮೇಲಿದ್ದ ಕಟ್ಟಿಗೆಯ ಅಚ್ಚುಗಳು ಕೆಳಗಿಳಿಯುತ್ತವೆ. ನೀರಲ್ಲಿ ನೆನೆಸಿದ ಅಚ್ಚಿನ ಎರಡು ಹೋಳುಗಳನ್ನು ಕೂಡಿಸಿ, ದಾರ ಬಿಗಿದು ಸಾಲಾಗಿ ನಿಲ್ಲಿಸುತ್ತಾರೆ. ಒಲೆಯ ಮೇಲೆ ಕುದಿಯುವ ಸಕ್ಕರೆ ಪಾಕಕ್ಕೆ ಒಂದಿಷ್ಟು ಹಾಲು ಬಿದ್ದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದುಹಾಕಿ, ಪಾಕ ಹದಕ್ಕೆ ಬಂದೊಡನೆ ಅಚ್ಚಿಗೆ ಸುರಿಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದರೆ ಗಿಳಿ, ನವಿಲು, ಆನೆ, ತೇರು, ಗೋಪುರ! ಹುಣ್ಣಿಮೆಯ ಸಂಜೆ ಹೆಣ್ಣುಮಕ್ಕಳು ಈ ಸಕ್ಕರೆ ಆರತಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಗೌರಮ್ಮನಿಗೆ ಬೆಳಗಲು ಹೊರಡುತ್ತಾರೆ. ಮದುವೆ ಗೊತ್ತಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆಯ ಜೊತೆ ತರುವುದೂ ಇದನ್ನೇ.

ಇಂಥ ಸೀಮೆಯಲ್ಲಿ ಸಕ್ಕರೆ ಬಿಡುತ್ತೇನೆ ಎನ್ನುವುದು ಬರೀ ಒಬ್ಬರ ನಾಲಿಗೆಗೆ ಬಿಟ್ಟ ಮಾತಲ್ಲ. ನಾಗರ ಪಂಚಮಿಗೆ ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು. ಊರ ಜಾತ್ರೆಗೆ ಗೋಧಿ ಹುಗ್ಗಿ, ಹೋಳಿಗೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ ಕೇಳಿಕೊಂಡು, ಕೊಟ್ಟೂರೇಶ್ವರನ ತೇರು ನೋಡಿಕೊಂಡು ಹಿಂದಿರುಗುವವರ ಚೀಲದಲ್ಲಿ ಬೆಂಡು-ಬತ್ತಾಸು ಇರಲೇಬೇಕು. ಬೀಗರ ಮನೆಯ ಪಂಕ್ತಿಯಲ್ಲಿ ಎಲೆಗೆ ಅಡ್ಡ ಕೈ ಹಿಡಿದರೆ ಬಡಿಸುವವರ ಮುಖ ಬಾಡುತ್ತದೆ. ‘ಒಂದ್ ಹೋಳಿಗಿಗೆ ಏನಾಗಂಗಿಲ್ಲ, ಉಣ್ರಿ’ ಎಂಬ ಒತ್ತಾಯದಲ್ಲಿ ಪ್ರೀತಿಯೇ ಇದೆ.

ಆ ಮಾತಿನಲ್ಲಿ ಲೆಕ್ಕವೂ ಅರ್ಧ ಸರಿಯಾಗಿಯೇ ಇದೆ. ಒಂದು ಹೋಳಿಗೆಯಲ್ಲಿ 30 ಗ್ರಾಂ ಬೆಲ್ಲ ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ ಹತ್ತು ಹಬ್ಬಕ್ಕೆ ಮೂರು ಮೂರು ಹೋಳಿಗೆ ಉಂಡರೂ 900 ಗ್ರಾಂ ಆಗುತ್ತದೆ. ಈಗ ಚಾದ ಲೆಕ್ಕ ನೋಡಿ. ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 4 ಗ್ರಾಂ. ದಿನಕ್ಕೆ ಐದು ಲೋಟ ಕುಡಿಯುವವರ ಹೊಟ್ಟೆಗೆ 40 ಗ್ರಾಂ ಹೋಗುತ್ತದೆ. ವರ್ಷಕ್ಕೆ 14 ಕಿಲೊ ಮೀರುತ್ತದೆ. ಹೊಲಕ್ಕೆ ಹೋಗುವ ಮುಂಚೆ ಒಂದು, ಬಸ್ ಸ್ಟ್ಯಾಂಡಿನಲ್ಲಿ ಒಂದು, ಕಚೇರಿ ಕೆಲಸಕ್ಕೆ ಕೂಡ್ಲಿಗಿಗೆ ಬಂದಾಗ ಸಿಕ್ಕ ಗೆಳೆಯನೊಂದಿಗೆ ಇನ್ನೊಂದು. ಇವನ್ನು ಯಾರೂ ಸಿಹಿ ತಿಂದದ್ದೆಂದು ಎಣಿಸುವುದಿಲ್ಲ. ಹಾಗಾಗಿ ಸಕ್ಕರೆ ಬಿಡಲು ಹೊರಟವರು ಮೊದಲು ಕೈಹಾಕಬೇಕಾದದ್ದು ಹಬ್ಬದ ಎಲೆಗಲ್ಲ, ದಿನದ ಲೋಟಕ್ಕೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿಯನ್ನು ದಿನಕ್ಕೆ 2000 ಕ್ಯಾಲರಿ ಊಟ ಮಾಡುವವರಿಗೆ ಅನ್ವಯಿಸಿದರೆ, ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ಒಳಗಿರಬೇಕು. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ಐದು ಲೋಟ ಚಾ ಒಂದೇ ಈ 25 ಗ್ರಾಂ ಮಿತಿಯನ್ನು ದಾಟಿಬಿಡುತ್ತದೆ. ಅದರ ಮೇಲೆ ಬಿಸ್ಕತ್ತು, ತಂಪು ಪಾನೀಯ. ಕೋಲಾದಂಥ ಪಾನೀಯದ 100 ಮಿಲಿಲೀಟರಿನಲ್ಲಿ ಹತ್ತು ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಜೋಳದ ರೊಟ್ಟಿ, ನವಣೆ ಅನ್ನ ಉಂಡು ಬೆಳೆದ ನಾಡಿದು. ಸಕ್ಕರೆ ಎಂದರೆ ರೇಷನ್ ಅಂಗಡಿಯಿಂದ ಅಳತೆಯಲ್ಲಿ ತರುವ ವಸ್ತುವಾಗಿದ್ದ ಕಾಲವನ್ನು ಹಿರಿಯರು ಮರೆತಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ರೇಷನ್ ಸಕ್ಕರೆಯ ಸಬ್ಸಿಡಿಯನ್ನು ಅಂತ್ಯೋದಯ ಕುಟುಂಬಗಳಿಗೆ ಮಾತ್ರ ಉಳಿಸಿತು. ಅಷ್ಟರಲ್ಲಿ ಕಿರಾಣಿ ಅಂಗಡಿಯ ಮೂಟೆ ಬಾಯಿ ತೆರೆದು ಕೂತಾಗಿತ್ತು. ಹರಪನಹಳ್ಳಿ ತಾಲ್ಲೂಕಿನ ದುಗ್ಗಾವತಿಯಲ್ಲಿ, ಹಡಗಲಿ ತಾಲ್ಲೂಕಿನ ಬೀರಬ್ಬಿಯಲ್ಲಿ ಸಕ್ಕರೆ ಕಾರ್ಖಾನೆಗಳೇ ತಲೆ ಎತ್ತಿವೆ.

ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆವು ಎಂದು ನೆಮ್ಮದಿಯಾಗಿರುವವರಿಗೆ ಒಂದು ಮಾತು ಹೇಳಲೇಬೇಕು. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣದಂಥ ಖನಿಜ ಇರುವುದು ನಿಜ, ಆದರೆ ಅದರ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಎರಡಕ್ಕೂ ದೊಡ್ಡ ಅಂತರ ಉಳಿಯುವುದಿಲ್ಲ. ಈ ಭಾಗದ ಮಂಡಕ್ಕಿಯ ವಿಷಯವೂ ಹಾಗೇ. ಖಾರ ಹಚ್ಚಿದ ಮಂಡಕ್ಕಿಗೆ ಸಿಹಿಯ ಸುಳಿವೂ ಇರುವುದಿಲ್ಲ. ಆದರೂ ಉಬ್ಬಿಸಿದ ಅಕ್ಕಿ ಬೇಗ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಸಂಜೆ ಬರೀ ಮಂಡಕ್ಕಿ ತಿಂದವರಿಗೆ ಸ್ವಲ್ಪ ಹೊತ್ತಿಗೇ ಮತ್ತೆ ಹಸಿವಾಗುವುದುಂಟು. ಜೊತೆಗೆ ಶೇಂಗಾ, ಮೊಳಕೆ ಕಾಳು, ಉಳ್ಳಾಗಡ್ಡಿ ಕೈತುಂಬ ಬಿದ್ದರೆ ಆ ವೇಗ ತಗ್ಗುತ್ತದೆ.

ಇನ್ನು ಸಿಹಿ ತಿನ್ನಬೇಕೆಂಬ ಹಂಬಲ. ಅದು ಬರಿಯ ಮನಸ್ಸಿನ ದೌರ್ಬಲ್ಯವಲ್ಲ. ಸಿಹಿ ನಾಲಿಗೆಗೆ ತಾಗಿದಾಗ ಮಿದುಳಿನಲ್ಲಿ ಡೋಪಮಿನ್ ಹೊಮ್ಮುತ್ತದೆ. ನಿತ್ಯ ನಾಲ್ಕು ಗಂಟೆಗೆ ಚಾ-ಬಿಸ್ಕತ್ತು ಸಿಕ್ಕರೆ, ನಾಲ್ಕು ಗಂಟೆಯೇ ಅದನ್ನು ಬೇಡತೊಡಗುತ್ತದೆ. ಬೆಳಗಿನ ತಿಂಡಿ ತಪ್ಪಿಸಿದವರಿಗೆ, ರಾತ್ರಿ ನಿದ್ದೆಗೆಟ್ಟವರಿಗೆ ಈ ಹಂಬಲ ಜಾಸ್ತಿ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಸಂಶೋಧಕರು ಚಾಕೊಲೇಟ್ ಪ್ರಿಯರನ್ನು ಹದಿನೈದು ನಿಮಿಷ ಬಿರುಸಾಗಿ ನಡೆಸಿ ನೋಡಿದಾಗ ತಿನ್ನುವ ಆಸೆ ಇಳಿದಿತ್ತು. ಕೊಟ್ಟೂರಿಗೆ ಪಾದಯಾತ್ರೆ ಹೊರಡುವ ಈ ಸೀಮೆಯವರಿಗೆ ಹದಿನೈದು ನಿಮಿಷದ ನಡಿಗೆ ಯಾವ ಲೆಕ್ಕ!

ನಾಲಿಗೆಯೂ ಕಲಿಯುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಮೂರು ತಿಂಗಳು ಸಕ್ಕರೆ ತಗ್ಗಿಸಿದರು. ಮೂರನೆಯ ತಿಂಗಳ ಹೊತ್ತಿಗೆ ಅದೇ ಪುಡಿಂಗ್ ಅವರಿಗೆ ಮೊದಲಿಗಿಂತ ಹೆಚ್ಚು ಸಿಹಿ ಎನಿಸಿತು. ಆದರೆ ಕಟ್ಟುಪಾಡು ಸಡಿಲಿಸಿದ ಮೇಲೆ ಬೇಗನೆ ಹಳೆಯ ಪ್ರಮಾಣಕ್ಕೇ ಮರಳಿದರು. ಮೂರು ತಿಂಗಳ ವ್ರತ ಸಾಲದು, ಅಡುಗೆಮನೆಯ ಅಳತೆಯೇ ಬದಲಾಗಬೇಕು ಎಂದು ಇದರಿಂದ ತಿಳಿಯಬಹುದು. ಚಾಕ್ಕೆ ಹಾಕುವ ಸಕ್ಕರೆಯನ್ನು ಎರಡು ವಾರಕ್ಕೊಮ್ಮೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಗಲಾಟೆ ಮಾಡದೆ ಹೊಂದಿಕೊಳ್ಳುತ್ತದೆ. ಹೋಟೆಲಿನಲ್ಲಿ ಸಕ್ಕರೆ ಬೆರೆಸಿಯೇ ಕುದಿಸಿರುತ್ತಾರೆ. ಅಲ್ಲಿ ಐದು ಸಲದ ಚಾವನ್ನು ಎರಡಕ್ಕೆ ಇಳಿಸುವುದೇ ದಾರಿ. ನಾಲ್ಕು ಗಂಟೆಗೆ ಹಿಡಿಯಷ್ಟು ಹುರಿದ ಶೇಂಗಾ, ಒಂದು ಲೋಟ ಮಜ್ಜಿಗೆ, ಕಾಲಕ್ಕೆ ತಕ್ಕಂತೆ ಪೇರಲ ಹಣ್ಣು ಸಾಕು. ತೇರಿಗೆ ಎಸೆಯುವ ಉತ್ತತ್ತಿಯಲ್ಲೂ ಸಕ್ಕರೆ ಬಹಳ, ಆದರೆ ನಾರು ಇರುವುದರಿಂದ ಒಂದೆರಡಕ್ಕೇ ಬಾಯಿ ತಣಿಯುತ್ತದೆ.

ಮಧುನಾಶಿನಿಯ ಎಲೆ ಬಲ್ಲವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅದನ್ನು ಅಗಿದು ಬಾಯಿಗೆ ಸಕ್ಕರೆ ಹಾಕಿಕೊಂಡರೆ ಮರಳು ಅಗಿದಂತಾಗುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗ್ರಾಹಕಗಳಿಗೆ ಅಡ್ಡ ನಿಲ್ಲುವುದೇ ಕಾರಣ. ಸ್ವಲ್ಪ ಹೊತ್ತಿಗೆ ರುಚಿ ಮರಳುತ್ತದೆ. ಇದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವುದು ಮಾತ್ರ ಅಪಾಯ.

ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬ್ರಿಟನ್ನಿನಲ್ಲಿ ಯುದ್ಧಕಾಲದ ಸಕ್ಕರೆ ರೇಷನ್ 1953ರಲ್ಲಿ ಕೊನೆಗೊಂಡಿತು. ಗರ್ಭದಲ್ಲಿದ್ದಾಗಿನಿಂದ ಎರಡು ವರ್ಷದವರೆಗೆ ಆ ಮಿತಿಯಲ್ಲಿ ಬೆಳೆದವರಿಗೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಶೇ 35ರಷ್ಟು ಕಡಿಮೆ ಇತ್ತೆಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಕರ್ನಾಟಕ ಸರ್ಕಾರವೂ 2025ರಲ್ಲಿ, ಸಕ್ಕರೆ ಅಂಶದ ಕಾರಣವನ್ನೂ ನೀಡಿ, ಶಾಲೆಗಳಲ್ಲಿ ಮೊಟ್ಟೆ ಬದಲು ಕೊಡುತ್ತಿದ್ದ ಶೇಂಗಾ ಚಿಕ್ಕಿಯನ್ನು ನಿಲ್ಲಿಸಿತು. ಚಿಕ್ಕಿಯಲ್ಲಿ ಶೇಂಗಾವಾದರೂ ಇತ್ತು. ಶಾಲೆಯ ಗೇಟಿನೆದುರು ತೂಗುವ ಐದು ರೂಪಾಯಿಯ ಪೊಟ್ಟಣಗಳ ಕಡೆಗೂ ಪಾಲಕರ ಕಣ್ಣು ಹರಿಯಬೇಕು.

ಬಡಿಸುವವರ ಪಾಲೂ ಇಲ್ಲಿ ಸಣ್ಣದಲ್ಲ. ಬಂದವರಿಗೆ ಚಾ ಕೊಡುವ ಮುಂಚೆ ‘ಸಕ್ರಿ ಎಷ್ಟು ಹಾಕ್ಲಿ?’ ಎಂದು ಕೇಳಿದರೆ ಮರ್ಯಾದೆ ಕಡಿಮೆಯಾಗುವುದಿಲ್ಲ. ಅರ್ಧ ಹೋಳಿಗೆ ಸಾಕೆಂದವರಿಗೆ ಅರ್ಧವನ್ನೇ ತುಪ್ಪ ಹಾಕಿ ಬಡಿಸಬಹುದು. ಮನೆಯಲ್ಲಿ ಒಬ್ಬರು ಬಿಟ್ಟಾಗ ಉಳಿದವರು ಅವರೆದುರೇ ಮಿಠಾಯಿ ಡಬ್ಬಿ ತೆರೆಯದಿದ್ದರೆ ಅದೇ ದೊಡ್ಡ ಆಸರೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ-ತಿಂಡಿಯನ್ನು ದಿಢೀರನೆ ಬದಲಿಸುವ ಮುಂಚೆ ವೈದ್ಯರನ್ನು ಕಾಣಬೇಕು, ಔಷಧದ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಬೆವರು, ನಡುಕ, ಕಣ್ಣು ಕತ್ತಲಿಟ್ಟಂತಾಗುವುದು ರಕ್ತದ ಸಕ್ಕರೆ ತೀರಾ ಇಳಿದಿರುವುದರ ಸೂಚನೆ. ಅಂಥ ಹೊತ್ತಿನಲ್ಲಿ ಎಚ್ಚರವಿರುವವರಿಗೆ ತಡಮಾಡದೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಟ್ಟು, ಆಸ್ಪತ್ರೆಗೆ ಕರೆದೊಯ್ಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.